ಸೊರಬದ ಭವನದಲ್ಲಿ ತೂಗುಹಾಕಿದ ಆಲಿಕೆ

ಮೈಕ್ ಸೆಟ್ ಬಾಡಿಗೆಗೆ ಕೊಡುವವನಿಗೆ ಪೇಚಾಟ ತಪ್ಪುವುದಿಲ್ಲ. ಭಾಷಣ ಕೆಟ್ಟರೂ ಜನ ತಿರುಗಿ ನೋಡುವುದು ಮೈಕಿನವನನ್ನೇ.

ತೊಂಬತ್ತರ ದಶಕದ ಕೊನೆಯ ಮಾತು. ಅಂಗಡಿ ಶಿಕಾರಿಪುರದಲ್ಲಿ, ಕೆಲಸ ಹೆಚ್ಚಾಗಿ ಸೊರಬದ ಒಂದು ಸಮುದಾಯ ಭವನದಲ್ಲಿ. ವೈರ್ ಇಲ್ಲದ ಮೈಕ್ ಆಗಷ್ಟೇ ಬಂದಿತ್ತು. ಹಿಡಿದವರು ಎಡಕ್ಕೆ ಹೋದರೆ ಕೇಳುತ್ತಿತ್ತು, ಬಲಕ್ಕೆ ಹೋದರೆ ಇಲ್ಲ. ಭವನದ ಮ್ಯಾನೇಜರ್ ಒಂದು ದಿನ ಖಡಕ್ಕಾಗಿ ಹೇಳಿದರು.

"ಇನ್ನು ಮೂರು ಕಾರ್ಯಕ್ರಮ ನೋಡ್ತೀನಿ ಮಾರಾಯ್ರೆ. ಆಮೇಲೂ ಹೀಗೇ ಆದ್ರೆ ಸಾಗರದೋರನ್ನ ಕರೀತೀನಿ."

ಆ ಭವನ ಕೈಬಿಟ್ಟರೆ ನನ್ನ ಅಂಗಡಿ ಮುಚ್ಚಬೇಕಿತ್ತು.

೧. ಸೋರದ ಕೆಲಸ

ನನಗೆ ಬೇಕಾಗಿದ್ದು ಮೈಕಿನ ಸಿಗ್ನಲನ್ನು ಸುತ್ತಲೂ ಸಮನಾಗಿ ಹಿಡಿಯುವ ಆಂಟೆನಾ. ಚಾವಣಿಗೆ ತೂಗಿದರೆ ಯಾರ ತಲೆಯೂ ಅಡ್ಡ ಬರುವುದಿಲ್ಲ. ನನ್ನ ಹತ್ತಿರ ಮೂರು ಮೈಕ್, ಮೂರರದ್ದೂ ಬೇರೆ ಬೇರೆ ಫ್ರೀಕ್ವೆನ್ಸಿ. ಒಂದು ಅಳತೆಗೆ ಕತ್ತರಿಸಿದ ಕಡ್ಡಿ ಆಂಟೆನಾ ಒಂದು ಫ್ರೀಕ್ವೆನ್ಸಿಗೇ ಸರಿಹೋಗುತ್ತದೆ. ಆಲಿಕೆಯ ಆಕಾರ ಹಾಗಲ್ಲ. ತುದಿಯಿಂದ ಬಾಯಿಯವರೆಗೆ ಅಗಲವಾಗುತ್ತಾ ಹೋಗುವುದರಿಂದ ಅದು ಎಲ್ಲಕ್ಕೂ ಒಗ್ಗುತ್ತದೆ.

ತಗಡಿನ ಕೆಲಸದವನಿಗೆ ನಕ್ಷೆ ಬರೆದುಕೊಟ್ಟೆ. ಮೇಲೆ ಒಂದು ತಟ್ಟೆ. ಅದರ ಕೆಳಗೆ ಮೊಳದುದ್ದದ ಆಲಿಕೆ, ಚೂಪು ಮೇಲೆ, ಬಾಯಿ ಕೆಳಗೆ. ಎರಡರ ನಡುವೆ ಕಡಲೆಕಾಳಿನಷ್ಟು ಸಂದು. ಕೇಬಲ್ಲಿನ ನಡುತಂತಿ ಆಲಿಕೆಗೆ, ಸುತ್ತಿನ ಜಾಲರಿ ತಟ್ಟೆಗೆ. ಆಲಿಕೆ, ತಟ್ಟೆ ಒಂದಕ್ಕೊಂದು ತಾಗಿದರೆ ಆಂಟೆನಾ ಸತ್ತಂತೆ.

"ಎಣ್ಣೆಗೋ, ಸೀಮೆಎಣ್ಣೆಗೋ?" ಅಂದ.

"ಮಾತಿಗೆ" ಅಂದೆ.

ಎರಡು ದಿನ ಬಿಟ್ಟು ಹೋದೆ. ಸಂದಿಗೆ ಸುತ್ತಲೂ ಬೆಸುಗೆ ಹಾಕಿಟ್ಟಿದ್ದ.

"ನೀವು ಮರೆತಿದ್ರಿ, ನಾನೇ ಮುಚ್ಚೀನಿ. ನೀರು ಹಾಕಿ ನೋಡ್ರಿ, ಒಂದು ಹನಿ ಸೋರಂಗಿಲ್ಲ."

ಅವನ ಗರಗಸವನ್ನೇ ಕೇಳಿ ತೆಗೆದುಕೊಂಡು ಅವನೆದುರಿಗೇ ಬೆಸುಗೆ ಬಿಡಿಸಿದೆ. ಮುಖ ತಿರುಗಿಸಿಕೊಂಡು ಕೂತ. ಹೊರಡುವಾಗ ಒಂದೇ ಮಾತು ಹೇಳಿದ.

"ಇದು ನನ್ನ ಅಂಗಡೀದು ಅಂತ ಯಾರ ಮುಂದೂ ಹೇಳಬ್ಯಾಡ್ರಿ."

೨. ತಾಳಗುಂದದ ಸೋದರಮಾವ

ಮೂರು ಕಾರ್ಯಕ್ರಮಗಳಲ್ಲಿ ಮೊದಲನೆಯದು ಮದುವೆ. ಹುಡುಗಿಯ ಸೋದರಮಾವ ತಾಳಗುಂದದವರು. ವರ್ಷಗಟ್ಟಲೆ ಹೆಂಚಿನ ಮೇಲೆ ಹತ್ತಿ ಟಿವಿ ಆಂಟೆನಾ ತಿರುಗಿಸಿದ ಅನುಭವಸ್ಥರು. ನಾನು ಆಂಟೆನಾ ಕಟ್ಟಿ ಇಳಿದಿದ್ದೇ ತಡ, ಅದೇ ಏಣಿ ಹತ್ತಿದರು.

"ಶಿವಮೊಗ್ಗದ ಕಡೆ ಮುಖ ಮಾಡಬೇಕಿತ್ತು ಕಣ್ರಿ."

"ಅದಕ್ಕೆ ಮುಖ ಇಲ್ಲ. ದುಂಡಗಿದೆ" ಅಂದೆ.

ಕೇಳಲಿಲ್ಲ. ತಿರುಗಿಸತೊಡಗಿದರು. ಕೆಳಗೆ ಅವರ ತಮ್ಮ ಸ್ಪೀಕರಿಗೆ ಕಿವಿ ಕೊಟ್ಟು ನಿಂತರು.

"ಈಗ?"

"ಸ್ವಲ್ಪ ಬಂತು."

"ಈಗ?"

"ಸ್ವಲ್ಪ ಹಿಂದಕ್ಕೆ ತಿರುಗಿಸಣ್ಣ. ಆಂ, ಸಾಕು, ಬಿಡಬ್ಯಾಡ. ಈಗ ಫುಲ್ ಕ್ಲಿಯರ್."

ಸೋದರಮಾವ ಬೆವರೊರೆಸಿಕೊಳ್ಳುತ್ತಾ ಇಳಿದು ನನ್ನ ಬೆನ್ನು ತಟ್ಟಿದರು. ಆಮೇಲೆ ನಾನು ಆಂಪ್ಲಿಫೈಯರ್ ಆನ್ ಮಾಡಿದೆ.

೩.

ಎರಡನೆಯದು ರೈತರ ಸಭೆ. ಮೂರು ಮೈಕೂ ಮೂಲೆಮೂಲೆಯಿಂದ ಕೇಳಿದವು. ಏನೂ ಕೆಡಲಿಲ್ಲ. ಹಾಗಾಗಿ ಬರೆಯುವುದಕ್ಕೂ ಏನಿಲ್ಲ.

೪. ಜಡೆಯ ಅಧ್ಯಕ್ಷರು

ಮೂರನೆಯದು ನಿವೃತ್ತ ಮೇಷ್ಟ್ರೊಬ್ಬರ ಸನ್ಮಾನ. ಜಡೆಯ ಹಿರಿಯರೊಬ್ಬರು ಅಧ್ಯಕ್ಷರು. ಅವರು ಮೈಕ್ ಹಿಡಿದರೆ ಅಡುಗೆಯವರು ಒಲೆ ಆರಿಸುತ್ತಿದ್ದರು, ಅನ್ನ ಹೇಗೂ ತಣಿಯುತ್ತದೆ ಅಂತ.

ನಾನು ಹೋಗುವಷ್ಟರಲ್ಲಿ ವೇದಿಕೆ ಭವನದ ನಟ್ಟನಡುವೆ ಬಂದಿತ್ತು. ಅಧ್ಯಕ್ಷರ ಕುರ್ಚಿ ಸರಿಯಾಗಿ ಆಲಿಕೆಯ ಕೆಳಗೆ. ಮ್ಯಾನೇಜರ್ ಖುಷಿಯಲ್ಲಿದ್ದರು.

"ನಾನೇ ಹಾಕಿಸಿದ್ದು. ಹತ್ತಿರ ಇದ್ದಷ್ಟೂ ಜೋರಾಗಿ ಕೇಳತ್ತಲ್ವೇನ್ರೀ?"

ಬಾಯಿ ತೆರೆದೆ. ಅಷ್ಟರಲ್ಲಿ ಪ್ರಾರ್ಥನೆ ಶುರುವಾಯಿತು.

ಆ ಜಾತಿಯ ಆಂಟೆನಾ ಹಿಡಿಯುವುದು ಸುತ್ತಲಿನದನ್ನು. ನೇರ ಕೆಳಗೆ ಅದಕ್ಕೆ ಕಿವುಡು. ಸಿಗ್ನಲ್ ಕಡಿಮೆಯಾದರೆ ನನ್ನ ಸೆಟ್ ಸದ್ದನ್ನೇ ಮುಚ್ಚಿಬಿಡುತ್ತಿತ್ತು. ಸ್ವಾಗತ ಮಾಡಿದವರು ಪಕ್ಕದಲ್ಲಿ ನಿಂತು ಮಾತಾಡಿದರು, ಚೆನ್ನಾಗಿ ಕೇಳಿತು. ಅಧ್ಯಕ್ಷರು ಎದ್ದು "ಮಹನೀಯರೇ" ಅಂದರು. "ಮಹ" ಮಾತ್ರ ಕೇಳಿತು.

ಅವರ ತುಟಿ ಆಡುತ್ತಿತ್ತು. ಕೈ ಆಡುತ್ತಿತ್ತು. ಸ್ಪೀಕರಿನಲ್ಲಿ ಏನೂ ಇಲ್ಲ. ಕಾಂಟ್ರಾಕ್ಟ್ ಸಾಗರಕ್ಕೆ ಹೋಯಿತು ಅಂದುಕೊಂಡು ಎದ್ದೆ. ಮ್ಯಾನೇಜರ್ ಬಂದು ಹೆಗಲು ಹಿಡಿದರು.

"ಏನಾಯ್ತ್ರೀ?"

"ಅದರ ನೇರ ಕೆಳಗೆ ಹಿಡಿಯಲ್ಲ. ಅವರನ್ನ ನಾಲ್ಕು ಹೆಜ್ಜೆ ಪಕ್ಕಕ್ಕೆ ಕರೀತೀನಿ."

ಅವರು ಒಮ್ಮೆ ಸಭೆಯ ಕಡೆ ನೋಡಿದರು. ಜನ ಆರಾಮಾಗಿ ಒಬ್ಬರಿಗೊಬ್ಬರು ಮಾತಾಡುತ್ತಿದ್ದರು. ಅಧ್ಯಕ್ಷರಿಗೆ ತಮ್ಮ ದನಿ ತಮಗೆ ಕೇಳುತ್ತಿತ್ತು, ಅವರೂ ಸುಖವಾಗಿದ್ದರು. ಸನ್ಮಾನದ ಮೇಷ್ಟ್ರು ಕಣ್ಣು ಮುಚ್ಚಿ ನಗುತ್ತಿದ್ದರು.

"ಯಾವಾಗ್ಲೂ ಹೀಗೇನಾ ಆ ಜಾಗ?" ಮ್ಯಾನೇಜರ್ ಮೆಲ್ಲಗೆ ಕೇಳಿದರು.

"ಯಾವಾಗ್ಲೂ."

"ಕೂತ್ಕೊಳ್ರೀ."

ಮುಕ್ಕಾಲು ಗಂಟೆ ಆದ ಮೇಲೆ ಅಧ್ಯಕ್ಷರು ಕೂತರು. ಚಪ್ಪಾಳೆ ನಿಲ್ಲಲೇ ಇಲ್ಲ. ಇಷ್ಟು ಒಳ್ಳೆಯ ಭಾಷಣ ಅವರು ಎಂದೂ ಮಾಡಿರಲಿಲ್ಲ ಅಂತ ಊಟದ ಪಂಕ್ತಿಯಲ್ಲಿ ಎಲ್ಲರೂ ಹೇಳಿದರು.

ಮುಂದಿನ ವಾರ ಹೋದಾಗ ಆಲಿಕೆಯ ಕೆಳಗೆ ನೆಲದ ಮೇಲೆ ಬಿಳಿ ಪೇಂಟಿನಲ್ಲಿ ಒಂದು ಕುರ್ಚಿಯಗಲದ ಚೌಕ ಬರೆದಿತ್ತು. ಮ್ಯಾನೇಜರ್ ಕಾಗದ ಕೈಗಿಟ್ಟರು. ಮುಂದಿನ ವರ್ಷಕ್ಕೂ ನಾನೇ.

"ಸೆಟ್ ಬೇಕಾದ್ರೆ ಹೊಸದು ತನ್ನಿ ಮಾರಾಯ್ರೆ. ಆ ಆಲಿಕೇನ ಮಾತ್ರ ಒಂದು ಇಂಚೂ ಸರಿಸಬೇಡಿ. ಮಂತ್ರಿಗಳು ಬರೋರಿದಾರೆ."