ಕುರಿ ಬೆದರದ ಬೈಕು

ನಮ್ಮ ಸಣ್ಣ ಮಾವ ಬರುವುದು ಕಂಡರೆ ರಾಯಚೂರಿನ ಬೈಕ್ ಶೋರೂಮಿನವರೆಲ್ಲ ಒಮ್ಮೆಲೇ ಊಟಕ್ಕೆ ಎದ್ದುಬಿಡುತ್ತಾರೆ. ಆಗಿನ್ನೂ ಬೆಳಗಿನ ನಾಷ್ಟಾದ ಹೊತ್ತಾದರೂ ಸರಿ! ಪಾಪ, ಅವರದೇನೂ ತಪ್ಪಿಲ್ಲ. ಕಾಲೇಜೊಂದರ ಗುಮಾಸ್ತ, ಬೋಳು ನೆತ್ತಿಯ ಕುಳ್ಳ ಗೃಹಸ್ಥ, ಒಳಗೆ ಬಂದು ಗುಡ್ಡ ಹತ್ತುವ, ಹಳ್ಳ ಹಾರುವ ಡ್ಯೂಯಲ್ ಸ್ಪೋರ್ಟ್ ಬೈಕೇ ಬೇಕೆಂದರೆ ತೋರಿಸಿಯಾರು. ಆದರೆ ಆಮೇಲೆ ಅವನು ಕೇಳುವ ಪ್ರಶ್ನೆಗೆ ಯಾವ ಕಂಪನಿಯವರು ಉತ್ತರ ಕಲಿಸಿದ್ದಾರೆ?

ಮೊದಲ ಶೋರೂಮಿಗೆ ನಾನೂ ಹೋಗಿದ್ದೆ.

"ಸರ್, ಇದು ಲಡಾಖಿಗೆ ಹೋಗ್ತದ್ರಿ, ಮರಳಾಗ ಹೋಗ್ತದ್ರಿ, ನೀರಾಗೂ ಹೋಗ್ತದ್ರಿ," ಅಂದ ಸೇಲ್ಸ್‌ನವ.

"ಅದೆಲ್ಲ ಇರ್ಲಿ. ಕುರಿ ಹಿಂದ ಹೋಗ್ತದೇನು?"

ಅವನು ನನ್ನ ಮುಖ ನೋಡಿದ. ನಾನು ಫ್ಯಾನ್ ನೋಡಿದೆ. ಬೇರೆ ದಾರಿ ತೋಚದೆ ಅವನು ಗಾಡಿ ಚಾಲೂ ಮಾಡಿ ಎಕ್ಸಿಲರೇಟರ್ ತಿರುವಿದ. ಗಾಜಿನ ಬಾಗಿಲು ನಡುಗಿತು.

"ಆವಾಜ್ ಹೆಂಗದ ನೋಡ್ರಿ ಸರ್!"

"ಬಂದ್ ಮಾಡೋ ಮಾರಾಯಾ!" ಮಾವ ಕಿವಿ ಮುಚ್ಚಿಕೊಂಡ. "ಈ ಆವಾಜಿಗೆ ಅರ್ಧ ಕುರಿ ಮಾನ್ವಿಗೆ ಓಡ್ತಾವ, ಅರ್ಧ ದೇವದುರ್ಗಕ್ಕ!"

ಇನ್ನೊಂದು ಶೋರೂಮಿಗೆ ಅತ್ತೆಯೂ ಬಂದಳು. ಅಲ್ಲಿನ ಗಾಡಿಯ ಸೀಟು ಎಷ್ಟು ಎತ್ತರವೆಂದರೆ, ಹತ್ತಿದ ಮಾವನ ಕಾಲು ನೆಲಕ್ಕೆ ಎಟುಕಲೇ ಇಲ್ಲ. ಕಟ್ಟೆಯ ಮೇಲೆ ಕೂತ ಕೂಸಿನಂತೆ ಕಾಲು ಆಡಿಸುತ್ತ ಕೂತ.

"ಏನ್ರೀ, ಗಾಡಿ ಸಂಗಾಟ ನಿಚ್ಚಣಿಕಿನೂ ಕೊಡ್ತೀರೇನು?" ಅತ್ತೆ ಕೇಳಿದಳು. ಆ ವ್ಯಾಪಾರ ಅಲ್ಲಿಗೇ ಮುಗಿಯಿತು.

ಮತ್ತೊಂದು ಕಡೆ ಟೆಸ್ಟ್ ರೈಡ್. "ಸ್ಟೇಷನ್ ತನಕ ಹೋಗಿ ಬರ್ರಿ" ಎಂದು ಕೊಟ್ಟ ಗಾಡಿ ಊಟದ ಹೊತ್ತು ದಾಟಿದರೂ ಬರಲಿಲ್ಲ. ಬಂದಾಗ ಮೈತುಂಬ ಕಪ್ಪು ಎರೆಮಣ್ಣು. ಕೆಂಪು ಗಾಡಿ ಎಂದು ಆಣೆ ಮಾಡಿ ಹೇಳಬೇಕಿತ್ತು!

"ಎಲ್ಲಿಗೆ ಹೋಗಿದ್ರಿ ಸರ್?"

"ಪೋತ್ನಾಳ ಕಡಿ. ಗದ್ದಿಯಾಗ ಕುರಿ ಕಂಡ್ವು, ಇಳಿಸಿದೆ." ಮಾವ ಹೆಲ್ಮೆಟ್ ತೆಗೆದ. "ನಮ್ಮವಲ್ಲ ಅವು."

ಎಲ್ಲರೂ ನಕ್ಕರು. ನಾನೂ ನಗುತ್ತಿದ್ದೆ, ಅವನ ಮುಖ ನೋಡುವತನಕ.

ಹೊರಗೆ ಚಹಾ ಕುಡಿಯುವಾಗ ಕೇಳಿದೆ: "ಮಾವ, ಯಾಕ ಬೇಕು ನಿನಗ ಈ ಗಾಡಿ?"

ಅವನದು ದೇವದುರ್ಗ ಕಡೆಯ ಕುರಿಗಾರರ ಮನೆತನ. 'ಕುರಿ ಹಿಂದ ನಾನೊಬ್ಬ ಸಾಕು, ನೀ ಓದು' ಎಂದು ತಮ್ಮನನ್ನು ರಾಯಚೂರಿನ ಹಾಸ್ಟೆಲಿಗೆ ಬಿಟ್ಟು ಹೋದ ದೊಡ್ಡ ಮಾವ ಇವತ್ತಿಗೂ ಕುರಿಯ ಹಿಂದೆಯೇ ಇದ್ದಾನೆ. ಇವತ್ತು ಒಬ್ಬರ ಹೊಲ, ನಾಳೆ ಇನ್ನೊಬ್ಬರದು.

"ರಜಾ ಸಿಕ್ಕಾಗೆಲ್ಲ ಸ್ಕೂಟರ್ ತಗೊಂಡು ಹೋಗ್ತೀನಿ," ಅಂದ ಮಾವ. "ಡಾಂಬರ್ ಮುಗಿದಲ್ಲಿ ಅದರ ಆಟನೂ ಮುಗೀತದ. ಎರಿಮಣ್ಣಾಗ ಕಾಲು ಕಿತ್ಕೊಂತ ಹೋಗೋದ್ರಾಗ ಕುರಿ ಹಟ್ಟಿ ಎದ್ದು ಮುಂದಿನ ಊರಿಗೆ ಹೋಗಿರ್ತದ. ಬರೇ ಕುರಿ ಹಿಕ್ಕಿ ಬಿದ್ದಿರ್ತಾವ. ಒಲಿ ಬೂದಿ ಇನ್ನಾ ಬೆಚ್ಚಗಿರ್ತದ. ಅದರ ಮುಂದ ಸ್ವಲ್ಪ ಹೊತ್ತು ಕುಂತು ಬರ್ತೀನಿ."

"ಫೋನ್ ಅದಲ್ಲ?"

"ಫೋನಿನಾಗ ಮಾತು ಕೇಳ್ತದೋ. ಅಣ್ಣನ ಕಂಬಳಿ ವಾಸನಿ ಬರ್ತದೇನು?"

ಅವತ್ತಿನಿಂದ ಶೋರೂಮಿನವರಿಗೆ ಮಾವನಿಗಿಂತ ನಾನೇ ದೊಡ್ಡ ಕಾಟವಾದೆ. ಸೀಟು ತಗ್ಗಿಸಿ ಕೊಡ್ತೀರೇನು? ಸದ್ದು ಇನ್ನೂ ಕಮ್ಮಿ ಇರೋದು ಇಲ್ಲೇನು? ಕೊನೆಗೊಂದು ಹಗುರ ಗಾಡಿ ಸಿಕ್ಕಿತು.

"ಪವರ್ ಸ್ವಲ್ಪ ಕಮ್ಮಿರೀ ಸರ್," ಮಾರುವವನೇ ಸಂಕೋಚಪಟ್ಟ.

"ನಮ್ಮ ಕುರಿಗೂ ಅಷ್ಟೇ ಇರೋದು," ಅಂದ ಮಾವ.

ಹಟ್ಟಿ ದೇವದುರ್ಗ ಕಡೆಯ ಗೂಗಲ್ ಎಂಬ ಊರಿನ ಹತ್ತಿರ ಕೃಷ್ಣೆಯ ದಂಡೆಗಿದೆ ಎಂಬ ಸುದ್ದಿ ಬಂದ ಭಾನುವಾರ, ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟ. ಡಾಂಬರ್ ಮುಗಿಯಿತು. ಜಾಲಿಮುಳ್ಳು, ಕೆಸರು, ಗರಸು ಎಲ್ಲ ದಾಟಿದೆವು. ಕುರಿಗಳು ತಲೆಯೆತ್ತಿ ನೋಡಿ, ಮತ್ತೆ ಮೇಯತೊಡಗಿದವು.

"ಯಾರಲೇ ಅದು?" ದೊಡ್ಡ ಮಾವ ಹಣೆಗೆ ಕೈ ಅಡ್ಡ ಹಿಡಿದ.

"ನಾನಣ್ಣ."

ಅವನು ತಮ್ಮನನ್ನು ನೋಡಿದ, ಗಾಡಿ ನೋಡಿದ. "ಇಲ್ಲಿತನಕ ಬಂತೇನೋ ಇದು!"

"ಹತ್ತು ಅಣ್ಣ."

"ಕುರಿ ಬಿಟ್ಟು ಎಲ್ಲಿಗೆ ಬರ್ಲೋ?"

"ಎಲ್ಲಿಗೂ ಬ್ಯಾಡ. ಅವುಗಳ ಹಿಂದನೇ ಹೋಗಮು."

ನಾನಿಳಿದು ದೊಡ್ಡ ಮಾವನ ಕೋಲು ಇಸಿದುಕೊಂಡೆ. ಅವನು ಅಂಜುತ್ತ ಹತ್ತಿ ತಮ್ಮನ ನಡು ಹಿಡಿದುಕೊಂಡ. ಫಸ್ಟ್ ಗೇರಿನಲ್ಲಿ, ಕುರಿ ನಡೆದಂತೆ ಗಾಡಿ ನಡೆಯಿತು. ಮಳೆ, ಮೇವು, ಸತ್ತುಹೋದ ನಾಯಿ, ಏನೇನೋ ಮಾತಾಡಿದರು. ಆಮೇಲೆ ಮಾತು ನಿಂತಿತು.

ಪಕ್ಕಕ್ಕೆ ಓಡಿ ಹೋಗಿ ನೋಡಿದೆ. ತಮ್ಮನ ಬೆನ್ನಿಗೆ ಕೆನ್ನೆ ಇಟ್ಟು ದೊಡ್ಡ ಮಾವ ನಿದ್ದೆ ಹೋಗಿದ್ದ.

"ಮಾವ, ಎಂಜಿನ್ ಬಿಸಿ ಆಗ್ಯದ, ನಿಂದ್ರಸು," ಪಿಸುಗುಟ್ಟಿದೆ.

"ಸುಮ್ಮನಿರೋ. ಎಚ್ಚರಾದಾನು."

ಮಾವನ ಗಲ್ಲ ತೊಯ್ದಿತ್ತು. ಕಣ್ಣೊರೆಸಿಕೊಂಡರೆ ಬೆನ್ನು ಅಲುಗೀತೆಂದು, ಹ್ಯಾಂಡಲ್ ಮೇಲಿನ ಕೈ ಎತ್ತಲೇ ಇಲ್ಲ.