ನನ್ನ ಪಾನಾಸಕ್ತಿ

ಇನ್ನು ಮುಂದೆ ನಮ್ಮ ಮನೆಯ ಹೊಸ್ತಿಲನ್ನು ಯಾವ ಪ್ಲಂಬರೂ, ಯಾವ ಕಾರ್ಪೆಂಟರೂ ದಾಟುವ ಅಗತ್ಯವಿಲ್ಲ ಎಂದು ಹೋದ ಯುಗಾದಿಯ ದಿನ ಒಬ್ಬಟ್ಟು ತಿನ್ನುತ್ತಾ ಘೋಷಿಸಿದೆ. ನನ್ನ ಹೆಂಡತಿ ಕುಸುಮಾ, "ಇನ್ನೊಂದು ಹಾಕ್ಲಾ?" ಎಂದಳು. ಐತಿಹಾಸಿಕ ಘೋಷಣೆಗಳು ಮನೆಯವರಿಗೆ ಕೇಳಿಸುವುದೇ ಇಲ್ಲ.

ಘೋಷಣೆಗೆ ಕಾರಣ ಪ್ಲಂಬರ್ ಚಿಕ್ಕಹನುಮಯ್ಯ. ಶ್ರೀಗಂಧದ ಕಾವಲಿನ ನಮ್ಮ ಮನೆಯಲ್ಲಿ ಒಂದು ನಲ್ಲಿಗೆ ವಾಷರ್ ಹಾಕಬೇಕಿತ್ತು. ಫೋನ್ ಮಾಡಿದಾಗಲೆಲ್ಲ, "ಇಲ್ಲೇ ಸುಂಕದಕಟ್ಟೇಲಿದೀನಿ ಸಾರ್, ಬಂದೆ" ಎನ್ನುತ್ತಾ ಹನ್ನೊಂದು ದಿನ ಸುಂಕದಕಟ್ಟೆಯಲ್ಲೇ ಇದ್ದ.

ಮೊದಲು ಸುತ್ತಿಗೆ ತಂದೆ. ಒಂಟಿ ಸುತ್ತಿಗೆಗೆ ಬೇಜಾರಾಗಬಾರದೆಂದು ಇಕ್ಕಳ ತಂದೆ. ಹಿಂದೆಯೇ ಗರಗಸ, ಉಳಿ, ಮಟ್ಟ ನೋಡಲು ರಸಮಟ್ಟ, ಬ್ಯಾಟರಿ ಡ್ರಿಲ್ಲು, ಕೊನೆಗೆ ಕಿರೀಟಕ್ಕೆ ಗರಿಯಂತೆ ಹನ್ನೆರಡು ಸ್ಪ್ಯಾನರುಗಳ ಸೆಟ್ಟು. ಗ್ಯಾರೇಜಿನವರ ಬಾಯಲ್ಲಿ ಅದು ಪಾನಾ. ಪ್ರತಿ ಭಾನುವಾರ ಅವುಗಳಿಗೆ ಎಣ್ಣೆ ಹಾಕಿ, ಹಳೇ ಬನಿಯನ್ನಿನಲ್ಲಿ ಒರೆಸಿ, ಗಾತ್ರದ ಪ್ರಕಾರ ಜೋಡಿಸಿ ನೋಡುತ್ತಾ ಕೂರುತ್ತಿದ್ದೆ. ಮೈಸೂರು ದಸರಾದ ಆನೆಸಾಲು ನೋಡಿದವರಿಗೂ ಅಷ್ಟು ಹೆಮ್ಮೆ ಆಗಿರಲಿಕ್ಕಿಲ್ಲ.

"ಭಾನುವಾರ ಬಂದ್ರೆ ಇವರಿಗೆ ಎಣ್ಣೆ, ಪಾನ, ಇಷ್ಟೇ ಕಣಮ್ಮ" ಎಂದು ಕುಸುಮಾ ತವರಿಗೆ ಫೋನಿನಲ್ಲಿ ಗೊಣಗಿದಳು. ಮರುದಿನ ಬೆಳಿಗ್ಗೆಯೇ ನನ್ನ ಅತ್ತೆ ಬೋರಮ್ಮ ಮಾಗಡಿ ಬಸ್ಸಿನಲ್ಲಿ, ಒಂದು ಮೂಟೆ ರಾಗಿ ಸಮೇತ ಬಂದಿಳಿದರು. ಒಳಗೆ ಬಂದವರೇ ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಮೂಸಿದರು.

ಯಾವ ಪಾನ ಎಂದು ಬಿಡಿಸಿ ಹೇಳಿ, ಸಂಗ್ರಹವನ್ನೆಲ್ಲ ಹರಡಿ ತೋರಿಸಿದೆ. ಅತ್ತೆ ಸಮಾಧಾನದ ನಿಟ್ಟುಸಿರು ಬಿಟ್ಟರು. ಆಮೇಲೆ ಕೇಳಬಾರದ್ದೊಂದು ಪ್ರಶ್ನೆ ಕೇಳಿದರು.

"ಇವೆಲ್ಲ ಇಟ್ಕೊಂಡು ಇಲ್ಲೀಗಂಟ ಏನು ಮಾಡಿದ್ರಿ ಅಳಿಯಂದ್ರೇ?"

ಏನೂ ಮಾಡಿರಲಿಲ್ಲ. ಮಾನ ಹೋಗುವ ಹೊತ್ತು. "ಈಗ ನೋಡಿ, ಅಡುಗೆಮನೆ ಗೋಡೆಗೆ ಹಲಗೆ ಹೊಡೀತೀನಿ" ಎಂದು ಎದ್ದೆ. ರಸಮಟ್ಟ ಹಿಡಿದೆ, ಪೆನ್ಸಿಲಿನಲ್ಲಿ ಗುರುತು ಹಾಕಿದೆ, ಡ್ರಿಲ್ಲು ಎತ್ತಿದೆ.

"ಅಲ್ಲಿ ಒಳಗಡೆ ಪೈಪ್ ಹೋಗಿದೆ ಕಣ್ರೀ" ಎಂದಳು ಕುಸುಮಾ.

"ಪೈಪ್ ಎಲ್ಲಿದೆ ಅಂತ ನನಗೆ ಗೊತ್ತು."

ಹತ್ತು ಸೆಕೆಂಡಿನಲ್ಲಿ ಎಲ್ಲರಿಗೂ ಗೊತ್ತಾಯಿತು. ನೀರು ಮೊದಲು ನನ್ನ ಕನ್ನಡಕಕ್ಕೆ, ನಂತರ ಒಲೆಯ ಮೇಲಿನ ಸಾರಿಗೆ, ಅಲ್ಲಿಂದ ನೆಲಕ್ಕಿಳಿದು ರಾಗಿ ಮೂಟೆಯ ಕಡೆ ಹೊರಟಿತು. "ರಾಗಿ, ರಾಗಿ" ಎಂದು ತಾಯಿ ಮಗಳು ಮೂಟೆ ಎಳೆಯತೊಡಗಿದರು. ನಾನು ಟ್ಯಾಂಕಿನ ವಾಲ್ವ್ ಮುಚ್ಚಲು ಪಾನಾ ಸೆಟ್ಟು ಹೊತ್ತು ಟೆರೇಸಿಗೆ ಓಡಿದೆ. ಹನ್ನೆರಡರಲ್ಲಿ ಒಂದೂ ಕೂರಲಿಲ್ಲ. ಸಿಟ್ಟಿನಿಂದ ಕೈಯಲ್ಲೇ ತಿರುಗಿಸಿದೆ. ವಾಲ್ವ್ ಅಲ್ಲೇ ಉಳಿಯಿತು, ಅದರ ಹಿಡಿ ಮಾತ್ರ ನನ್ನ ಜೊತೆ ಬಂತು.

ಹಿಡಿ ಹಿಡಿದು ಕೆಳಗೆ ಬಂದರೆ ಅಡುಗೆಮನೆ ಶಾಂತ. ಗೋಡೆಯ ತೂತಿನಲ್ಲೊಂದು ಕ್ಯಾರೆಟ್ಟು, ಸೊಪ್ಪಿನ ಸಮೇತ. ಅತ್ತೆ ಕುಟ್ಟಾಣಿಯಿಂದ ಅದಕ್ಕೆ ಕೊನೆಯ ಏಟು ಕೊಡುತ್ತಿದ್ದರು.

"ಹೊಲದಲ್ಲಿ ಪೈಪು ಒಡೆದ್ರೆ ಗೂಟ ಹೆಟ್ತೀವಿ. ಇಲ್ಲಿ ಗೂಟ ಎಲ್ಲಿ ಹುಡುಕ್ಲಿ?" ಎಂದರು.

ಆಮೇಲೆ ಫೋನು ಮಾಡಿದವರೂ ಅವರೇ. ಯಾವ ದನಿಯಲ್ಲಿ ಮಾತಾಡಿದರೋ, ಚಿಕ್ಕಹನುಮಯ್ಯ ಕಾಲು ಗಂಟೆಯಲ್ಲಿ ಬಾಗಿಲಲ್ಲಿದ್ದ. ಟೆರೇಸಿಗೆ ಹೋಗಿ ನೀರು ನಿಲ್ಲಿಸಿ ಬಂದು, ಗೋಡೆ ಒಡೆದು, ಕ್ಯಾರೆಟ್ಟು ಕಿತ್ತು, ಪೈಪನ್ನು ತುಂಬಾ ಹೊತ್ತು ನೋಡಿದ.

"ತೂತು ಹಾಕಿದ್ದು ಯಾರು ಸಾರ್?"

"ನಾನೇ" ಎಂದೆ, ನೆಲ ನೋಡುತ್ತಾ.

"ನಟ್ಟನಡುವೆ ಬಿದ್ದಿದೆ. ಗುರಿ ಇಟ್ಟು ಹೊಡೆದ್ರೂ ನಮಗೆ ಇಷ್ಟು ನೀಟಾಗಿ ಬರಲ್ಲ."

ನೀರಿಳಿಯುತ್ತಿದ್ದ ನನ್ನ ಎದೆ ಕೊಂಚ ಉಬ್ಬಿತು. ಹೋಗುವಾಗ ಅವನ ಕಣ್ಣು ನನ್ನ ಸಂಗ್ರಹದ ಮೇಲೆ ಬಿತ್ತು. ಒಂದೊಂದನ್ನೇ ಎತ್ತಿ ತೂಗಿ ನೋಡಿದ. "ಇಂಥ ಸೆಟ್ಟು ನನ್ನ ಹತ್ರಾನೂ ಇಲ್ಲ ಸಾರ್. ನಾಗರಬಾವೀಲಿ ಹೊಸ ಬಿಲ್ಡಿಂಗ್ ಕೆಲಸ ಹಿಡಿದಿದೀನಿ. ಟೂಲ್ಸ್ ಜೊತೆ ನೀವೂ ಬಂದುಬಿಡಿ" ಎಂದ. ತಮಾಷೆಗೇ ಅಂದನೇನೋ, ಆದರೆ ನಾನು ಆಗಲೇ ಮನಸ್ಸಿನಲ್ಲಿ ರಜಾ ಅರ್ಜಿ ಬರೆಯತೊಡಗಿದ್ದೆ.

ಕುಸುಮಾ ನೆಲ ಒರೆಸುತ್ತಿದ್ದವಳು ತಲೆ ಎತ್ತಿದಳು.

"ಟೂಲ್ಸ್ ಬೇಕಾದ್ರೆ ಎಲ್ಲಾ ತಗೊಂಡು ಹೋಗಿ ಹನುಮಯ್ಯ. ಇವರು ಇಲ್ಲೇ ಇರ್ಲಿ. ಪಾಪ, ಆ ಬಿಲ್ಡಿಂಗ್ ಇನ್ನೂ ಹೊಸದು."