ಶಿವಗಂಗವ್ವನ ಪ್ರಭಾರ ಸಮುದ್ರಯಾನ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳಲ್ಲಿ ಸಮುದ್ರವಿಲ್ಲ. ಈ ಸಂಗತಿ ಸರಕಾರದ ಗಮನಕ್ಕೆ ಬಂದದ್ದು ಈಚೆಗೆ. ಗಮನಕ್ಕೆ ಬಂದ ಮೇಲೆ ಸುಮ್ಮನಿರುವಂತಿಲ್ಲವಾದ್ದರಿಂದ ಗೋಕಾಕದಲ್ಲಿ ‘ತ್ರಿತಾಲೂಕು ಸಮುದ್ರ ಕೋಶ’ ಎಂಬ ಕಚೇರಿಯನ್ನು ತೆರೆಯಲಾಯಿತು. ಸಮುದ್ರವನ್ನೇ ಈ ಕಡೆ ತರಬಹುದೇ ಎಂದು ಕೋಶವು ಮೊದಲು ಪರಿಶೀಲಿಸಿತು. ನಡುವೆ ಘಟ್ಟ ಅಡ್ಡ ಬರುತ್ತದೆ ಎಂಬುದು ಸಣ್ಣ ತೊಡಕು. ತಂದರೆ ಯಾವ ತಾಲೂಕಿನಲ್ಲಿ ಇಡಬೇಕು ಎಂಬುದು ದೊಡ್ಡ ತೊಡಕು. ನಮ್ಮದು ಹೊಸ ತಾಲೂಕು, ನಮಗೆ ಇನ್ನೂ ಏನೂ ಬಂದಿಲ್ಲ, ಸಮುದ್ರವಾದರೂ ಬರಲಿ ಎಂದು ಮೂಡಲಗಿಯವರು ಹಟ ಹಿಡಿದರು. ಕೊನೆಗೆ ಸಮುದ್ರವನ್ನು ಇದ್ದಲ್ಲೇ ಬಿಟ್ಟು, ವರ್ಷಕ್ಕೆ ಒಬ್ಬ ಹಿರಿಯರನ್ನು ಅಲ್ಲಿಗೆ ಕಳಿಸುವ ‘ಸಾಗರಭಾಗ್ಯ’ ಯೋಜನೆ ಜಾರಿಗೆ ಬಂತು.

ಯೋಜನೆ ಸರಳವಾಗಿತ್ತು. ಫಲಾನುಭವಿಯು ಘಟಪ್ರಭಾ ನಿಲ್ದಾಣದಲ್ಲಿ ರೈಲು ಹತ್ತಿ ಕರಾವಳಿಗೆ ಹೋಗತಕ್ಕದ್ದು, ಅಲ್ಲಿ ದೋಣಿಯಲ್ಲಿ ಅಡ್ಡಾಡತಕ್ಕದ್ದು, ವಿಮಾನದಲ್ಲಿ ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೆ ಮರಳತಕ್ಕದ್ದು. ಮೂರರಲ್ಲಿ ಒಂದು ವಾಹನ ತಪ್ಪಿದರೂ ಸಮುದ್ರ ನೋಡಿದ್ದು ಅಸಿಂಧು.

ಮೊದಲ ವರ್ಷದ ಫಲಾನುಭವಿಯಾಗಿ ನಾಗನೂರಿನ ಶಿವಗಂಗವ್ವ ಆಯ್ಕೆಯಾದಳು. ನಮ್ಮ ಓಣಿಯವಳೇ. ಎಪ್ಪತ್ತು ದಾಟಿದ ಜೀವ, ನಾಲಿಗೆ ಮಾತ್ರ ಇಪ್ಪತ್ತರದ್ದು. ಆಕೆಗೂ ಆಕೆಯ ಬಾಲ್ಯದ ಗೆಳತಿ ಮೈಮುನಾಬಿಗೂ ಸಮುದ್ರದ ವಿಷಯದಲ್ಲಿ ಬಹುಕಾಲದ ಜಗಳವಿತ್ತು. ಮೈಮುನಾಬಿ ಹಜ್‌ಗೆ ಹೋಗುವಾಗ ವಿಮಾನದಿಂದ ಸಮುದ್ರ ನೋಡಿ ಬಂದವಳು. ಅದರ ನೀರು ಉಪ್ಪು ಎಂದು ಆಕೆ ಹೇಳಿದ್ದನ್ನು ಶಿವಗಂಗವ್ವ ಒಪ್ಪಿರಲಿಲ್ಲ.

“ಎಲ್ಲಾ ಹೊಳಿ ನೀರೂ ಸಿಹಿ ಐತಿ. ಸಿಹಿ ನೀರು ಕೂಡಿ ಉಪ್ಪ ಹೆಂಗ ಆಗತೈತಿ ಬೇ? ನಮ್ಮ ಘಟಪ್ರಭಾ ಅಷ್ಟು ದೂರ ಹೋಗಿ ಕೆಟ್ಟು ಹೋಗೂದಾದ್ರ ಹೋಗೂದರ ಯಾಕ?”

“ನೀ ಹೋಗಿ ಕೇಳ ಅದಕ್ಕ,” ಎಂದಳು ಮೈಮುನಾಬಿ.

ಹೋಗಿ ಕೇಳಬೇಕು, ದಂಡೆಯಲ್ಲಿ ನಿಂತು ಬೆರಳು ಅದ್ದಿ ನೆಕ್ಕಬೇಕು, ಅದೂ ಬೇಗ ಆಗಬೇಕು ಎಂಬುದು ಶಿವಗಂಗವ್ವನ ಆಸೆ. ಆಕೆಯ ಕಣ್ಣುಗಳು ಮಂದವಾಗುತ್ತಿದ್ದವು. ಒಂದು ಕಣ್ಣಿಗಂತೂ ಹಾಲಿನಲ್ಲಿ ನೋಡಿದಂತೆ ಕಾಣುತ್ತದೆ ಎನ್ನುತ್ತಿದ್ದಳು. ದವಾಖಾನೆಯವರೂ ಎರಡನೆಯದರ ಬಗ್ಗೆ ಖಾತ್ರಿ ಕೊಟ್ಟಿರಲಿಲ್ಲ.

ಆಯ್ಕೆಗೆ ‘ಸಮುದ್ರ ನೋಡಿಲ್ಲದ ಪ್ರಮಾಣಪತ್ರ’ ಬೇಕಿತ್ತು. ಅದಕ್ಕೆ ಸಾಕ್ಷಿ ಹೇಳುವವರು ಸ್ವತಃ ಸಮುದ್ರ ನೋಡಿರಬೇಕು ಎಂಬುದು ನಿಯಮ. ಏನನ್ನು ನೋಡಿಲ್ಲ ಎಂಬುದೇ ತಿಳಿಯದವರು ಸಾಕ್ಷಿ ಹೇಳುವುದು ಹೇಗೆ? ಹೀಗಾಗಿ ಮೈಮುನಾಬಿಯನ್ನೇ ಕರೆಸಿದರು. ಕೋಶದ ವಿಶೇಷಾಧಿಕಾರಿ ಕಾಶಿನಾಥ ಸಾಹೇಬರು ಬಹಳ ನಿಷ್ಠುರ ಮನುಷ್ಯ. ಊಟದ ಡಬ್ಬಿಯನ್ನೂ ಮೇಲಧಿಕಾರಿಗೆ ತಿಳಿಸದೆ ತೆರೆಯುವವರಲ್ಲ.

“ಈಕಿ ಸಮುದ್ರ ನೋಡಿಲ್ಲಂತ ನಿಮಗ ಹೆಂಗ ಗೊತ್ರಿ?” ಎಂದು ಕೇಳಿದರು.

“ನೋಡಿದ್ರ ಇಷ್ಟೊತ್ತಿಗೆ ಊರ ತುಂಬ ಹೇಳಿಕೋತ ಅಡ್ಡಾಡತಿದ್ದಳ್ರಿ ಸಾಹೇಬ್ರ.”

ಈ ಪುರಾವೆಯನ್ನು ಕಾಶಿನಾಥರು ವೈಜ್ಞಾನಿಕವೆಂದು ಒಪ್ಪಿ ಸಹಿ ಮಾಡಿದರು.

ಹೊರಡುವ ದಿನ ಬಂತು. ನಮ್ಮ ಕಡೆ ಯಾರೂ ಸುಮ್ಮನೆ ಊರು ಬಿಡುವುದಿಲ್ಲ, ಯಾರೂ ಸುಮ್ಮನೆ ಬಿಡಗೊಡುವುದೂ ಇಲ್ಲ. ಬಂದ ಬೀಗರನ್ನು ಬಾಗಿಲತನಕ ಕಳಿಸಬೇಕು, ಬಾಗಿಲಿಗೆ ಬಂದ ಮೇಲೆ ಓಣಿಯ ತಿರುವಿನತನಕ ಹೋಗಬೇಕು, ಅಲ್ಲಿ ನೆನಪಾದ ಮಾತೆಲ್ಲ ಆಡಿ ಮುಗಿಸುವಷ್ಟರಲ್ಲಿ ಬಸ್‌ಸ್ಟ್ಯಾಂಡೇ ಬಂದಿರುತ್ತದೆ. ಅಂದು ಅರ್ಧ ನಾಗನೂರು ಘಟಪ್ರಭಾ ನಿಲ್ದಾಣದಲ್ಲಿತ್ತು. ಶಿವಗಂಗವ್ವನಿಗೆ ಹಾರ ಹಾಕಿ, ಶಾಲು ಹೊದಿಸಿ, ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಕೆನೆ ಮೊಸರಿನ ಬುತ್ತಿಯ ಜೊತೆಗೆ ಒಂದು ಡಬ್ಬಿ ಕರದಂಟನ್ನೂ ಕೊಟ್ಟರು. ಕಾಶಿನಾಥರೂ, ಮೂಡಲಗಿ ಮತ್ತು ಹುಕ್ಕೇರಿಯ ಪ್ರತಿನಿಧಿಗಳಿಬ್ಬರೂ ಆಕೆಯನ್ನು ರೈಲಿನ ಡಬ್ಬಿಯೊಳಗೆ ಕರೆದೊಯ್ದು ಕಿಟಕಿಯ ಬಾಜೂ ಕೂರಿಸಿದರು. ದಂಡೆಯಲ್ಲಿ ಕಾಯಲು ಕರಾವಳಿಯ ಸಿಬ್ಬಂದಿಗೂ ತಿಳಿಸಲಾಗಿತ್ತು. ಎಲ್ಲ ಸಾಂಗವಾಗಿತ್ತು.

“ನಾವಿನ್ನ ಬರತೇವ್ರಿ ಶಿವಗಂಗವ್ವಾರ,” ಎಂದು ಮೂವರೂ ಕೈ ಮುಗಿದರು.

ಇಲ್ಲೇ ಎಡವಟ್ಟಾಯಿತು. ದೊಡ್ಡವರು ಬರತೇವಿ ಅಂದಾಗ ಕುಂತಲ್ಲೇ ಕುಂತು ಹೂಂ ಅನ್ನುವ ಸಂಸ್ಕಾರ ಆಕೆಗೆ ಯಾರೂ ಕಲಿಸಿರಲಿಲ್ಲ. ಬುತ್ತಿಯನ್ನು ಅಲ್ಲೇ ಬಿಟ್ಟು ತಟ್ಟನೆ ಎದ್ದಳು. “ಬರ್ರಿ ಬರ್ರಿ, ಬಾಗಲತನಾ ಬರತೇನಿ,” ಎಂದು ಮುಂದಾಗಿ ನಡೆದಳು. ಬಾಗಿಲಿಗೆ ಬಂದವಳು, ಇಳಿಯುವವರಿಗೆ ತಾನು ಅಡ್ಡವಾಗಬಾರದೆಂದು ಪ್ಲಾಟ್‌ಫಾರ್ಮಿಗೇ ಇಳಿದು ನಿಂತಳು. ಹಿಂದೆ ಬಂದ ಮೂವರೂ ಅಧಿಕಾರಿಗಳಿಗೆ ಬಾಗಿಲಲ್ಲಿ ಬೇರೆ ಪ್ರಶ್ನೆ ಎದ್ದಿತ್ತು.

“ನೀವು ಮುಂದ ಆಗ್ರಿ ಸಾಹೇಬ್ರ.”

“ಛೇ ಛೇ, ಹುಕ್ಕೇರಿ ಹಳೇ ತಾಲೂಕ. ನೀವು ಇಳೀರಿ.”

“ಮೂಡಲಗಿಯವ್ರು ಇರೂವಾಗ ನಾ ಹೆಂಗ ಇಳೀಲ್ರಿ? ನಾಳೆ ಮಾತ ಬರತೈತಿ.”

ರೈಲು ಹೊರಟಿತು. ಒಬ್ಬರೂ ಇನ್ನೊಬ್ಬರಿಗಿಂತ ಮೊದಲು ಇಳಿದು ಅಗೌರವ ತೋರಲಿಲ್ಲ ಎಂಬುದನ್ನು ಇಲ್ಲಿ ಅಭಿಮಾನದಿಂದ ದಾಖಲಿಸಬೇಕು. ಊರವರೆಲ್ಲ ರೂಢಿಯಂತೆ ಕೈ ಬೀಸಿದರು. ಕೊರಳಲ್ಲಿ ಹಾರ ಹಾಕಿಕೊಂಡಿದ್ದ ಶಿವಗಂಗವ್ವ ಕೂಡ ಬೀಸಿದಳು. ಕೊನೆಯ ಡಬ್ಬಿ ದಾಟಿದ ಮೇಲೆ ಆಕೆಗೆ ಅಳು ಬಂತು. ಕೋಶದ ವರದಿಯಲ್ಲಿ ಇದನ್ನು ಬರೆದಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಕೋಶದ ಗುಮಾಸ್ತೆ ನೇತ್ರಾ ಅಲ್ಲೇ ನಿಂತು ನಿಯಮಾವಳಿ ತೆರೆದಳು. ಆರಂಭವಾದ ಪ್ರಯಾಣವನ್ನು ನಡುವೆ ನಿಲ್ಲಿಸುವಂತಿಲ್ಲ ಎಂದಿತ್ತು. ಫಲಾನುಭವಿಯ ಸ್ಥಾನ ತೆರವಾದಲ್ಲಿ ಹಾಜರಿರುವ ಹಿರಿಯ ಅಧಿಕಾರಿಯು ಪ್ರಭಾರ ವಹಿಸಿಕೊಳ್ಳತಕ್ಕದ್ದು ಎಂದೂ ಇತ್ತು.

“ಹಿಂದ ಬರೂ ರೈಲಿಗೆ ನಾ ಹೋಗತೇನ್ ತಡಿ ಯವ್ವಾ,” ಎಂದಳು ಶಿವಗಂಗವ್ವ.

“ಹೆಂಗ ಹೋಗತೀರಿ ಆಯಿ? ನೀವು ಆಗಲೇ ಹೋಗೀರಿ. ಒಬ್ಬರ ಎರಡ ರೈಲಿನಾಗ ಇರಾಕ ಬರೂದಿಲ್ಲ,” ಎಂದು ನೇತ್ರಾ ಸಮಾಧಾನದಿಂದ ತಿಳಿಸಿ ಹೇಳಿದಳು.

ಹೀಗೆ ಕಾಶಿನಾಥರು ಗೋಕಾಕದ ಕೆಲಸದ ಜೊತೆಗೆ ಶಿವಗಂಗವ್ವನ ಹೆಚ್ಚುವರಿ ಪ್ರಭಾರವನ್ನೂ ವಹಿಸಿಕೊಂಡರು. ಇನ್ನಿಬ್ಬರು ‘ಸಹಪ್ರಭಾರ’ ಆದರು. ಪ್ರವಾಸದಲ್ಲಿರುವವರು ಸ್ವಂತ ಮನೆಯಲ್ಲಿ ಕಂಡುಬಂದರೆ ಆಕ್ಷೇಪಣೆ ಬರುವುದರಿಂದ, ಶಿವಗಂಗವ್ವ ಮರಳುವವರೆಗೆ ಶಿವಗಂಗವ್ವ ಮನೆಗೆ ಹೋಗಕೂಡದೆಂದು ಸೂಚನೆ ಬಂತು. ಆಕೆ ಮೈಮುನಾಬಿಯ ಮನೆಯಲ್ಲಿ ಉಳಿದಳು. ರೇಷನ್ ತರಲು ಹೋದರೆ ಅಂಗಡಿಯವನು, “ನೀವು ದೋಣ್ಯಾಗ ಅದೀರಂತಲ್ರಿ, ಇಲ್ಲಿ ಹೆಬ್ಬಟ್ಟು ಹೆಂಗ ಒತ್ತಿಸಿಕೊಳ್ಳಲಿ?” ಎಂದು ಕೈ ಮುಗಿದ. ಊರೂ ಸಹಕರಿಸಿತು. ಓಣಿಯಲ್ಲಿ ಸಿಕ್ಕವರೆಲ್ಲ, “ಯಾವಾಗ ಬರತೀರಿ?” ಎಂದು ಕೇಳುತ್ತಿದ್ದರು. ಆಕೆ, “ಶುಕ್ರವಾರ, ವಿಮಾನದಾಗ,” ಎನ್ನುತ್ತಿದ್ದಳು.

ಕಾಶಿನಾಥರು ಕರ್ತವ್ಯಭ್ರಷ್ಟರಲ್ಲ. ಶಿವಗಂಗವ್ವ ಎಲ್ಲಿದ್ದಾಳೆ ಎಂಬುದನ್ನು ಶಿವಗಂಗವ್ವನಿಗೆ ಆಗಾಗ ಫೋನ್ ಮಾಡಿ ತಿಳಿಸುತ್ತಿದ್ದರು.

“ಶಿವಗಂಗವ್ವಾರ, ನೀವು ಈಗ ಸುರಂಗದಾಗ ಹೊಂಟೀರಿ. ಕತ್ತಲ ಐತಿ.”

“ಹೌದ್ರ್ಯಾ? ಊಟ ಆತೇನ್ರಿ ನಂದು?”

“ಆತ್ರಿ. ನಾಲ್ಕ ರೊಟ್ಟಿ ತಿಂದೀರಿ. ಚಟ್ನಿ ಭಾಳ ಚಲೋ ಆಗೈತಿ.”

“ಕರದಂಟ?”

“ಅದನ್ನ ಸಹಪ್ರಭಾರದವ್ರು ಮುಗಿಸ್ಯಾರ್ರಿ. ನೀವು ಒಬ್ಬರ ಅಷ್ಟು ತಿಂದಿದ್ರ ಹೊಟ್ಟಿ ಕೆಡತಿತ್ತು.”

ಮರುದಿನದ ಫೋನಿನಲ್ಲಿ ದನಿ ಸಣ್ಣದಾಗಿತ್ತು. “ಶಿವಗಂಗವ್ವಾರ, ನೀವು ದೋಣ್ಯಾಗ ಅದೀರಿ. ದೋಣಿ ಭಾಳ ಹೊಯ್ದಾಡಾಕತ್ತೈತಿ. ನಿಮಗ ವಾಂತಿ ಆಗಾಕತ್ತೈತಿ.”

“ಅಯ್ಯ ಶಿವನ! ನಿಂಬಿಹಣ್ಣ ಮೂಸಂತ ಹೇಳ್ರಿ ನನಗ,” ಎಂದಳು ಆಕೆ ಗಾಬರಿಯಿಂದ. “ಸಾಹೇಬ್ರ, ನೀರು ಹೆಂಗೈತ್ರಿ? ಉಪ್ಪ ಐತೇನ್ರಿ?”

ಫೋನ್ ಕಟ್ಟಾಯಿತು.

ಮೂರನೆಯ ಸಲ ಅವರು ವಿಮಾನದೊಳಗೆ ಕೂತು ಮಾತಾಡಿದರು. ಕರಾವಳಿಯಿಂದ ಬೆಳಗಾವಿಗೆ ಬರಲು ಬೆಂಗಳೂರಿನ ಮೇಲೆ ಸುತ್ತಿಕೊಂಡು ಬರಬೇಕಾಗಿತ್ತು. ಬಸ್ಸಿನಲ್ಲಾದರೆ ಇಷ್ಟೊತ್ತಿಗೆ ಎರಡು ಸಲ ಬಂದಿರಬಹುದಾಗಿತ್ತು. ಆದರೆ ಬಸ್ಸು ಯೋಜನೆಯಲ್ಲಿ ಇರಲಿಲ್ಲ.

“ನೀವು ಕಿಟಕಿ ಬಾಜೂ ಕುಂತೀರಿ. ಇನ್ನ ಸ್ವಲ್ಪ ಹೊತ್ತಿಗೆ ಮ್ಯಾಲೆ ಹೋಗತೀರಿ.”

“ಏನ ಕಾಣತೈತ್ರಿ?”

“ರೆಕ್ಕಿ.”

ಶುಕ್ರವಾರ ಫಲಾನುಭವಿಯನ್ನು ಸಾಂಬ್ರಾದಲ್ಲಿ ಸ್ವಾಗತಿಸಲು ಕೋಶದ ಜೀಪು ಹೋಯಿತು. ಸ್ವಾಗತಿಸಲು ಹೋದವರಲ್ಲಿ ಶಿವಗಂಗವ್ವ, ಮೈಮುನಾಬಿ, ನೇತ್ರಾ ಇದ್ದರು. ಕಾಶಿನಾಥರು ಹೊರಬಂದ ಕೂಡಲೇ ಪ್ರಭಾರ ಹಸ್ತಾಂತರಿಸಿದರು. ಅವರಿಗಾಗಿ ತಂದ ಹಾರವನ್ನು ನೇತ್ರಾ ತಡೆಹಿಡಿದು ಶಿವಗಂಗವ್ವನಿಗೇ ಹಾಕಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

“ಉಪ್ಪ ಐತೇನ್ರಿ ಸಾಹೇಬ್ರ?” ಎಂದು ಆಕೆ ಮತ್ತೆ ಕೇಳಿದಳು.

“ನನಗ ಗೊತ್ತಿಲ್ರಿ.”

“ಕಣ್ಣಿಗಾದ್ರೂ ಹೆಂಗ ಕಾಣತಿತ್ತು?”

“ನಾ ನೋಡಲಿಲ್ಲ,” ಎಂದರು ಕಾಶಿನಾಥರು. ದನಿಯಲ್ಲಿ ಹೆಮ್ಮೆಯಿತ್ತು. “ಸಮುದ್ರ ಮಂಜೂರಾಗಿದ್ದು ನಿಮ್ಮ ಹೆಸರಿಗಿ. ನಾ ನೋಡಿದ್ರ ಸೌಲಭ್ಯದ ದುರುಪಯೋಗ ಆಗತೈತಿ. ದೋಣ್ಯಾಗೂ ದಂಡಿ ಕಡೆ ಮುಖ ಮಾಡಿ ಕುಂತಿದ್ದೆ. ಸಹಪ್ರಭಾರದವ್ರು ಕಂಠಮಟ ನೀರಿಗಿಳಿದು ಫೋಟೋ ಹೊಡಿಸಿಕೊಂಡ್ರು. ಅವ್ರ ಬಗ್ಗೆ ನಾ ಏನೂ ಹೇಳೂದಿಲ್ಲ.”

ಇಂಥ ಪ್ರಾಮಾಣಿಕ ಮನುಷ್ಯನ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ನನಗೆ ಬಂದಿತ್ತು, ನುಂಗಿಕೊಂಡೆ.

ಪ್ರವಾಸವನ್ನು ಮುಕ್ತಾಯಗೊಳಿಸಲು ಒಂದೇ ಕೆಲಸ ಬಾಕಿ ಉಳಿದಿತ್ತು. ಸಮುದ್ರದ ನೀರಿನ ರುಚಿಯ ಬಗ್ಗೆ ಫಲಾನುಭವಿಯು ಖುದ್ದಾಗಿ ಅಭಿಪ್ರಾಯ ನೀಡಬೇಕಿತ್ತು. ರುಚಿ ನೋಡುವುದು ವೈಯಕ್ತಿಕ ವಿಷಯ, ಪ್ರಭಾರದಲ್ಲಿ ಬರುವುದಿಲ್ಲ. ಹುಕ್ಕೇರಿಯ ಪ್ರತಿನಿಧಿ ಒಂದು ಬಾಟಲಿ ತುಂಬಿಕೊಂಡೇನೋ ಬಂದಿದ್ದರು. ವಿಮಾನ ಹತ್ತುವಾಗ ತಪಾಸಣೆಯವರು ಅದನ್ನು ತೆಗೆದಿಟ್ಟುಕೊಂಡರಂತೆ. ಅಷ್ಟು ಸಮುದ್ರವನ್ನು ಒಳಗೆ ಒಯ್ಯುವಂತಿರಲಿಲ್ಲ.

ಸೋಮವಾರ ಗೋಕಾಕದಲ್ಲಿ ಸಭೆ ಸೇರಿತು. ನೇತ್ರಾ ಒಂದು ತಂಬಿಗೆಯಲ್ಲಿ ನೀರು ತಂದಿಟ್ಟಳು. ಬಾಜೂ ಖಾನಾವಳಿಯಿಂದ ಉಪ್ಪು ಬಂತು. ಎಷ್ಟು ಹಾಕಬೇಕೆಂಬುದು ನಿಯಮದಲ್ಲಿ ಇರಲಿಲ್ಲವಾಗಿ, ಯಾರಿಗೂ ಅನ್ಯಾಯವಾಗದಂತೆ ಮೂರು ತಾಲೂಕಿನವರೂ ತಮ್ಮ ತಮ್ಮ ಪಾಲಿನ ಒಂದೊಂದು ಮುಷ್ಟಿ ಹಾಕಿದರು.

ಶಿವಗಂಗವ್ವ ತಂಬಿಗೆಯನ್ನು ಮೂಗಿನ ಹತ್ತಿರ ಹಿಡಿದಳು. “ಸಾಹೇಬ್ರ, ಇದು ನಮ್ಮ ಹೊಳಿ ನೀರ ಐತ್ರಿ. ವಾಸನಿ ಗುರತ ಐತಿ ನನಗ.”

“ಹೊಳಿ ನೀರ ಕಡೀಕ ಸಮುದ್ರಕ್ಕ ಹೋಗತೈತಿಲ್ರಿ? ಇದನ್ನ ಮುಂಗಡ ಅಂತ ತಿಳೀರಿ,” ಎಂದರು ಕಾಶಿನಾಥರು.

ಎಲ್ಲರೂ ಕಾಯುತ್ತಿದ್ದರು. ಕಾಯುವ ಮಂದಿಯನ್ನು ಬರಿಗೈಲಿ ಕಳಿಸಿ ಆಕೆಗೆ ರೂಢಿಯಿಲ್ಲ. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದಳು.

“ಅಯ್ಯಯ್ಯ! ಭಾಳ ಉಪ್ಪಾಗೈತ್ರಿ! ಇದನ್ಯಾರು ಬಾಯಾಗ ಹಾಕಬೇಕು?”

“ನಾ ಹೇಳಿರಲಿಲ್ಲೇನ ಬೇ?” ಎಂದು ಮೈಮುನಾಬಿ ಕುರ್ಚಿಯಿಂದ ಎದ್ದೇ ಬಿಟ್ಟಳು.

“ಹೇಳಿದ್ದಿ ಹೌದು. ನೀ ರುಚಿ ನೋಡಿದ್ದಿಯೇನು?”

“ವಿಮಾನದಾಗಿಂದ ಕೈ ಎಟಕತಿತ್ತೇನ? ಮಂದಿ ಹೇಳಿದ್ದ ಕೇಳೇನಿ.”

ಸಮುದ್ರದಲ್ಲಿ ಉಪ್ಪು ಪ್ರಮಾಣಕ್ಕಿಂತ ಹೆಚ್ಚಾಗಿದೆ ಎಂದು ಸಭೆ ಒಮ್ಮತದಿಂದ ನಿರ್ಣಯಿಸಿತು. ಕಡಿಮೆ ಮಾಡುವಂತೆ ಕರಾವಳಿಯ ಸಂಬಂಧಪಟ್ಟವರಿಗೆ ಬರೆಯಲಾಯಿತು. ಬಾಗಿಲ ಹತ್ತಿರ ಶಿವಗಂಗವ್ವ ಕಾಶಿನಾಥರನ್ನು ನಿಲ್ಲಿಸಿದಳು.

“ಹಂಗಾರ ನನ್ನ ಒಂದ ಸಲ ಕರಕೊಂಡ ಹೋಗ್ರಿ ಸಾಹೇಬ್ರ. ದಂಡಿಮ್ಯಾಲೆ ನಿಂತು ಬರತೇನಿ, ಅಷ್ಟ ಸಾಕು. ಕಣ್ಣ ಇರೂದ್ರೊಳಗ.”

“ನೀವು ಒಮ್ಮಿ ಹೋಗಿ ಬಂದೀರಲ್ರಿ. ಎರಡನೇ ಸಲ ಅಂದ್ರ ಮರುಪರಿಶೀಲನೆ ಆಗತೈತಿ. ಉಪ್ಪ ಕಡಿಮಿ ಆಗೈತಂತ ಅವ್ರು ಬರೀಬೇಕು, ಆಮ್ಯಾಲೆ ನಿಮ್ಮನ್ನ ಕಳಸಾಕ ಬರತೈತಿ. ನಾನ ಬಂದು ರೈಲಿಗೆ ಹತ್ತಸತೇನಿ.”

“ಈ ಸಲ ನೀವು ಕೆಳಗ ನಿಂತ ಹತ್ತಸ್ರಿ,” ಎಂದಳು ಆಕೆ.

ಕರಾವಳಿಯಿಂದ ಉತ್ತರ ಬಂದಿದೆ. ಉಪ್ಪಿನ ವಿಷಯ ಪರಿಶೀಲನೆಯಲ್ಲಿದೆ, ಹಂತಹಂತವಾಗಿ ಕ್ರಮ ಕೈಗೊಳ್ಳಲಾಗುವುದು ಎಂದು ಬರೆದಿದ್ದಾರೆ. ನಾಗನೂರಿನಲ್ಲಿ ಈಗ ಯಾರೂ ಸಮುದ್ರದ ಬಗ್ಗೆ ಜಗಳವಾಡುವುದಿಲ್ಲ. ಶಿವಗಂಗವ್ವ ದಿನಾ ಸಂಜೆ ಮೈಮುನಾಬಿಯನ್ನು ಓಣಿಯ ತಿರುವಿನತನಕ ಕಳಿಸಿ ಬರುತ್ತಾಳೆ. ಈಚೆಗೆ ಗೋಡೆ ಹಿಡಿದುಕೊಂಡು ನಡೆಯುತ್ತಾಳೆ. ಇದು ಕೋಶದ ಗಮನಕ್ಕೂ ಬಂದಿದೆ. ಉಪ್ಪು ಕಡಿಮೆಯಾಗುವವರೆಗೆ ಫಲಾನುಭವಿಯ ಕಣ್ಣು ಯಾವುದೇ ಕಾರಣಕ್ಕೂ ಹೋಗತಕ್ಕದ್ದಲ್ಲ ಎಂದು ಆಕೆಗೆ ಲಿಖಿತ ಸೂಚನೆ ನೀಡಲಾಗಿದೆ. ಆಕೆಗೆ ಓದಲು ಬಾರದ್ದರಿಂದ ನೇತ್ರಾ ಓದಿ ಹೇಳಿದಳು. ಆಗಲಿ ಎಂದು ಶಿವಗಂಗವ್ವ ಹೆಬ್ಬಟ್ಟು ಒತ್ತಿದ್ದಾಳೆ.